ಲ್ಯಾಪ್‌ಟಾಪನ್ನು ಮನೆಯ ಹೈ-ಫೈಗೆ ಜೋಡಿಸುವ ಸರಿಯಾದ ಕ್ರಮ: ಸಮಗ್ರ ಮಾರ್ಗದರ್ಶಿ

"ಡ್ಯಾಕ್ ಅನ್ನುವ ಪೆಟ್ಟಿಗೆ ಕೊಂಡು ತಂದೆ, ಯುಎಸ್‌ಬಿ ಕೇಬಲ್ ಸಿಕ್ಕಿಸಿದೆ, ಹಾಡೂ ಬಂತು. ಆದರೆ ಮೊದಲಿಗೂ ಈಗಿನದಕ್ಕೂ ಏನೂ ವ್ಯತ್ಯಾಸ ಇಲ್ಲ." ಈ ಮಾತನ್ನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಕೆಲವರ ದೂರು ಬೇರೆ. ಹಾಡಿನ ಮಧ್ಯೆ ಪಟಪಟ ಸದ್ದು. ಸ್ಪೀಕರಿನಲ್ಲಿ ಗುಂಯ್ ಅನ್ನುವ ಗುನುಗು. ಆಲಾಪನೆ ನಡೆಯುವಾಗ ಯಾವುದೋ ಮೇಲ್ ಬಂತೆಂದು ಟಿಂಗ್.

ಕೂತು ವಿಚಾರಿಸಿದರೆ, ತಪ್ಪು ಸಾಮಾನು ಕೊಂಡವರು ತೀರಾ ಕಡಿಮೆ. ಎಡವಟ್ಟಾಗಿರುವುದು ಕ್ರಮದಲ್ಲಿ. ಎಲ್ಲ ಸೆಟ್ಟಿಂಗುಗಳನ್ನೂ ಒಂದೇ ಸಂಜೆ ತಿರುಗಿಸಿಬಿಡುತ್ತಾರೆ. ಆಮೇಲೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ದಾರಿಯೇ ಇರುವುದಿಲ್ಲ. ಇಲ್ಲಿ ಬರೆದಿರುವ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಒಂದು ಹಂತ ಸರಿಯಾಯಿತು ಅಂತ ಖಾತ್ರಿಯಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಇನ್ನೊಂದು ಮಾತು. ನಾನು ಹೇಳುತ್ತಿರುವುದು ಹಾಡಿಗೆಂದೇ ಮೀಸಲಿಟ್ಟ ಲ್ಯಾಪ್‌ಟಾಪ್ ಬಗ್ಗೆ. ಹಗಲು ಕಚೇರಿ ಕೆಲಸಕ್ಕೆ, ರಾತ್ರಿ ಹಾಡಿಗೆ ಅಂತ ಒಂದೇ ಯಂತ್ರ ಬಳಸಿದರೆ ಕೆಳಗಿನ ಅರ್ಧ ಹಂತಗಳು ನಿಲ್ಲುವುದಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಸಾಕು. ಎರಡು ಚಾನೆಲ್ ಹಾಡು ಓದಿಸುವುದು ಹತ್ತು ವರ್ಷ ಹಳೆಯ ಪ್ರೊಸೆಸರಿಗೂ ಭಾರವಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಲ್ಯಾಪ್‌ಟಾಪ್ ಮತ್ತು ಅದರದ್ದೇ ಚಾರ್ಜರ್. ಆಂಪ್ಲಿಫೈಯರ್ ಮತ್ತು ಸ್ಪೀಕರ್. ಒಂದು ಯುಎಸ್‌ಬಿ ಡ್ಯಾಕ್, ಅಂದರೆ ಕಡತದಲ್ಲಿರುವ ಅಂಕಿಗಳನ್ನು ಆಂಪ್ಲಿಫೈಯರಿಗೆ ಅರ್ಥವಾಗುವ ವಿದ್ಯುತ್ ಅಲೆಯಾಗಿ ಬದಲಿಸುವ ಪೆಟ್ಟಿಗೆ. ಯುಎಸ್‌ಬಿ ಕೇಬಲ್ ಒಂದು, ಕೆಂಪು-ಬಿಳಿ ತುದಿಯ ಆರ್‌ಸಿಎ ಕೇಬಲ್ ಒಂದು ಜೊತೆ. ಹಾಡು ತುಂಬಿಡಲು ಮತ್ತು ಅದರ ಪ್ರತಿ ಇಡಲು ಎರಡು ಎಕ್ಸ್‌ಟರ್ನಲ್ ಡಿಸ್ಕ್. ಸಿ.ಡಿ.ಗಳಿದ್ದರೆ ಒಂದು ಸಿ.ಡಿ. ಡ್ರೈವ್.

"ಹೆಡ್‌ಫೋನ್ ತೂತಿನಿಂದಲೇ ಆಂಪ್ಲಿಫೈಯರಿಗೆ ತಂತಿ ಎಳೆದರೆ ಆಗಲ್ವಾ?" ಹಾಡು ಬರುತ್ತದೆ. ಆದರೆ ಆ ಸರ್ಕ್ಯೂಟ್ ಪ್ರೊಸೆಸರ್, ಫ್ಯಾನ್, ವೈ-ಫೈಗಳ ಪಕ್ಕದಲ್ಲೇ ಕೂತಿರುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೌಸ್ ಸರಿಸಿದಾಗ ಸ್ಪೀಕರಿನಲ್ಲಿ ಚಿರಿಚಿರಿ ಕೇಳುವುದು ಅದಕ್ಕೇ. ಸಿ.ಡಿ. ಪ್ಲೇಯರ್ ಮತ್ತು ಡ್ಯಾಕ್‌ಗಳ ಲೈನ್ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್ ಇರುತ್ತದೆ. ಹೆಡ್‌ಫೋನ್ ತೂತಿನಲ್ಲಿ ಬಹಳ ಸಲ ಅಷ್ಟು ಸಿಗುವುದಿಲ್ಲ. ಆಗ ಆಂಪ್ಲಿಫೈಯರ್ ವಾಲ್ಯೂಮ್ ಏರಿಸುತ್ತೀರಿ, ಹಾಡಿನ ಜೊತೆ ಗದ್ದಲವೂ ಏರುತ್ತದೆ.

ಬ್ಲೂಟೂತ್ ಬೇಡ. ಅದು ಹಾಡನ್ನು ಒತ್ತಿ ಸಣ್ಣದು ಮಾಡಿ ಕಳಿಸುತ್ತದೆ. ಇಷ್ಟೆಲ್ಲ ಶ್ರಮಪಡುವುದೇ ಹಾಗೆ ಆಗಬಾರದು ಅಂತ.

ಕೇಬಲ್ ವಿಷಯದಲ್ಲಿ ದುಡ್ಡು ಸುರಿಯಬೇಡಿ. ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದಿದೆ ಅನ್ನುವುದು ಕಿಲೋಹರ್ಟ್ಸ್ ದರ, ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನುವುದು ಬಿಟ್. 24 ಬಿಟ್, 192 ಕಿಲೋಹರ್ಟ್ಸ್‌ನ ಎರಡು ಚಾನೆಲ್ ಹಾಡಿಗೆ ಸೆಕೆಂಡಿಗೆ 9.2 ಮೆಗಾಬಿಟ್ ಸಾಗಿಸಿದರೆ ಸಾಕು. ಯುಎಸ್‌ಬಿ 2.0ರ ದಾರಿ 480 ಮೆಗಾಬಿಟ್ ಅಗಲ ಇದೆ. ಒಂದೆರಡು ಮೀಟರ್ ಉದ್ದದ, ತುದಿ ಸಡಿಲವಾಗದ ಸಾಧಾರಣ ಕೇಬಲ್ ಧಾರಾಳ.

## ಹಂತ 1: ಲ್ಯಾಪ್‌ಟಾಪಿನ ಆರೋಗ್ಯ ನೋಡಿ

ಇದನ್ನು ಬಿಟ್ಟು ಮುಂದೆ ಓಡುವವರೇ ಜಾಸ್ತಿ. ನಾನಂತೂ ಮೊದಲ ಜಾಗ ಇದಕ್ಕೇ ಕೊಡುತ್ತೇನೆ, ಯಾಕೆಂದರೆ ಇದು ಹಾಡಿಗಿಂತ ಮೊದಲು ಸುರಕ್ಷತೆಯ ವಿಷಯ. ಈ ಯಂತ್ರ ದಿನವಿಡೀ ಚಾರ್ಜರಿಗೆ ಅಂಟಿಕೊಂಡು, ಬಿಸಿಯಾಗುವ ಆಂಪ್ಲಿಫೈಯರ್ ಪಕ್ಕ ಕೂತಿರುತ್ತದೆ. ಹಳೆಯ ಬ್ಯಾಟರಿಗೆ ಈ ಎರಡೂ ಆಗಿಬರುವುದಿಲ್ಲ.

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ನಾಲ್ಕು ಮೂಲೆಯನ್ನೂ ಒಂದೊಂದಾಗಿ ಬೆರಳಲ್ಲಿ ಒತ್ತಿ. ಅಲುಗಾಡಿದರೆ ತಳ ಉಬ್ಬಿರಬಹುದು. ಟಚ್‌ಪ್ಯಾಡ್ ಒತ್ತಿ ನೋಡಿ. ನನ್ನ ಸ್ನೇಹಿತರೊಬ್ಬರ ಯಂತ್ರದಲ್ಲಿ ಟಚ್‌ಪ್ಯಾಡ್ 'ಟಕ್' ಅನ್ನುವುದನ್ನೇ ನಿಲ್ಲಿಸಿತ್ತು. ಧೂಳು ಕೂತಿದೆ ಅಂತ ಅವರು ಊದುತ್ತಿದ್ದರು. ತಿರುಗಿಸಿ ನೋಡಿದರೆ ಒಳಗಿನ ಬ್ಯಾಟರಿ ದಿಂಬಿನ ಹಾಗೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ತಳ್ಳುತ್ತಿತ್ತು. ಇಂಥ ಗುರುತು ಕಂಡರೆ ಯಂತ್ರವನ್ನು ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಬ್ಯಾಟರಿಯನ್ನು ತಿಳಿದವರಿಂದ ಬದಲಿಸಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೇಡವೇ ಬೇಡ. ಬೆಂಕಿ ಹತ್ತಿಕೊಳ್ಳಬಹುದು.

ಬ್ಯಾಟರಿ ಚೆನ್ನಾಗಿದ್ದರೆ ಚಾರ್ಜ್ 80 ಪ್ರತಿಶತಕ್ಕೆ ನಿಲ್ಲುವ ಹಾಗೆ ಮಾಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಈ ಮಿತಿ ಬಯಾಸ್‌ನಲ್ಲೋ (ಯಂತ್ರ ಏಳುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ತಯಾರಕರ ಆ್ಯಪ್‌ನಲ್ಲೋ ಇರುತ್ತದೆ.

ಮುಂದೆ ಸದ್ದು. ಹಾಡು ಹಾಕದೆ, ನೀವು ಕೂತು ಕೇಳುವ ಜಾಗದಲ್ಲಿ ಕೂತು ಫ್ಯಾನ್ ಕೇಳುತ್ತದಾ ನೋಡಿ. ಕೇಳಿದರೆ ಗಾಳಿ ಬರುವ ಸಂದಿಗಳ ಧೂಳು ತೆಗೆಸಿ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಈ ಇಡೀ ಕೆಲಸದಲ್ಲಿ ಡ್ಯಾಕ್ ಬಿಟ್ಟರೆ ದುಡ್ಡಿಗೆ ತಕ್ಕ ಫಲ ಕೊಡುವುದು ಅದೊಂದೇ. ಕಿರಕಿರ ಸದ್ದು ಹೋಗುತ್ತದೆ, ಯಂತ್ರ ಬೇಗ ಏಳುತ್ತದೆ. 4 ಜಿಬಿ ರ್‍ಯಾಮ್ ಸಾಕು.

## ಹಂತ 2: ಬೇರೆ ಎಲ್ಲ ಕೆಲಸದಿಂದ ಬಿಡಿಸಿ

ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕಿಕೊಳ್ಳುವುದು ಒಳ್ಳೆಯದು. ಹಳೆಯ ಪ್ರೋಗ್ರಾಮುಗಳನ್ನು ಒಂದೊಂದಾಗಿ ಕೀಳುವುದಕ್ಕಿಂತ ಅದು ಸುಲಭ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಲಿನಕ್ಸ್ ಹಾಕುವುದು ಲೇಸು. ಹಾಡಿಗೆಂದೇ ಮಾಡಿದ ವಾಲ್ಯೂಮಿಯೋ ಥರದ ಲಿನಕ್ಸ್ ಕೂಡ ಇದೆ. ಅದನ್ನು ಹಾಕಿದರೆ ಲ್ಯಾಪ್‌ಟಾಪಿನ ಪರದೆಯನ್ನೇ ಮರೆತು ಫೋನಿನ ಬ್ರೌಸರಿನಿಂದ ಎಲ್ಲವನ್ನೂ ನಡೆಸಬಹುದು.

ವಿಂಡೋಸ್ ಇಟ್ಟುಕೊಳ್ಳುವವರು ಇಷ್ಟು ಮಾಡಿ:

1. ಕಂಟ್ರೋಲ್ ಪ್ಯಾನೆಲ್‌ನ ಸೌಂಡ್‌ನಲ್ಲಿ ಸೌಂಡ್ ಸ್ಕೀಮ್ ಅನ್ನು 'ನೋ ಸೌಂಡ್ಸ್'ಗೆ ಬದಲಿಸಿ. ನೋಟಿಫಿಕೇಶನ್‌ಗಳನ್ನು ಪೂರ್ತಿ ಆಫ್ ಮಾಡಿ.
2. ಅಲ್ಲೇ 'ಕಮ್ಯುನಿಕೇಶನ್ಸ್' ಟ್ಯಾಬ್ ಇದೆ. ಕರೆ ಬಂದಾಗ ಉಳಿದ ಸದ್ದನ್ನು ತಗ್ಗಿಸುವ ಏರ್ಪಾಡು ಅದು. 'ಡೂ ನಥಿಂಗ್' ಆಯ್ಕೆ ಮಾಡಿ.
3. ಪವರ್ ಆಪ್ಷನ್ಸ್‌ನಲ್ಲಿ ಚಾರ್ಜರ್ ಇದ್ದಾಗ ಸ್ಲೀಪ್ 'ನೆವರ್' ಇರಲಿ. ಮುಚ್ಚಳ ಮುಚ್ಚಿದರೆ 'ಡೂ ನಥಿಂಗ್'.
4. 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಆಫ್ ಮಾಡಿ. ಇದು ಆನ್ ಇದ್ದರೆ ಬಳಕೆಯಲ್ಲಿಲ್ಲದ ಯುಎಸ್‌ಬಿ ಸಾಧನವನ್ನು ವಿಂಡೋಸ್ ಮಲಗಿಸಿಬಿಡುತ್ತದೆ. ಡ್ಯಾಕ್ ಹೀಗೆ ಮಲಗಿದರೆ ಹಾಡಿನ ಮೊದಲ ಅರ್ಧ ಸೆಕೆಂಡ್ ನುಂಗಿಹೋಗಬಹುದು.
5. ಅಪ್‌ಡೇಟ್‌ನ 'ಆ್ಯಕ್ಟಿವ್ ಅವರ್ಸ್'ನಲ್ಲಿ ನೀವು ಹಾಡು ಕೇಳುವ ಸಮಯ ಹಾಕಿಡಿ.

ಮುಚ್ಚಳ ಮುಚ್ಚಿ ಓಡಿಸುವ ಮೊದಲು ಒಂದು ಪರೀಕ್ಷೆ. ಕೆಲವು ಲ್ಯಾಪ್‌ಟಾಪ್‌ಗಳ ಬಿಸಿಗಾಳಿ ಕೀಬೋರ್ಡ್ ಕಡೆಯಿಂದಲೇ ಹೊರಹೋಗುತ್ತದೆ. ಮುಚ್ಚಿ ಒಂದು ಗಂಟೆ ಹಾಡು ಓಡಿಸಿ. ಮೇಲೆ ಕೈಯಿಟ್ಟರೆ ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಹಿಂದೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ತೆರೆದೇ ಇಡಿ, ಪರದೆ ಮಾತ್ರ ಆಫ್ ಆಗಲಿ.

## ಹಂತ 3: ತಂತಿ ಜೋಡಣೆ

ಎಲ್ಲ ಯಂತ್ರಗಳೂ ಆಫ್ ಇರಬೇಕು. ಆಂಪ್ಲಿಫೈಯರ್ ವಾಲ್ಯೂಮ್ ಸೊನ್ನೆಯಲ್ಲಿರಬೇಕು. ಈ ಎರಡು ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ವೀಟರ್ (ಸ್ಪೀಕರಿನೊಳಗಿನ, ತಾರ ಸದ್ದಿನ ಪುಟ್ಟ ಭಾಗ) ಸುಟ್ಟುಕೊಂಡವರಲ್ಲಿ ಹಲವರು ಆನ್ ಇದ್ದ ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿದವರು.

ಡ್ಯಾಕ್‌ನ ಆರ್‌ಸಿಎ ತಂತಿಯನ್ನು ಆಂಪ್ಲಿಫೈಯರಿನ 'ಆಕ್ಸ್', 'ಸಿ.ಡಿ.' ಅಥವಾ 'ಲೈನ್' ತೂತಿಗೆ ಹಾಕಿ. ಈ ಮೂರೂ ಒಂದೇ, ಹೆಸರು ಮಾತ್ರ ಬೇರೆ. 'ಫೋನೋ' ಅಂತ ಬರೆದಿರುವ ತೂತಿಗೆ ಮಾತ್ರ ಹಾಕಬೇಡಿ. ಅದು ಗ್ರಾಮಫೋನ್ ತಟ್ಟೆಯ ಸೂಜಿಯಿಂದ ಬರುವ ಸುಮಾರು 5 ಮಿಲಿವೋಲ್ಟ್‌ಗೆಂದು ಮಾಡಿದ್ದು. ಡ್ಯಾಕ್ ಕಳಿಸುವುದು ಅದರ 400 ಪಟ್ಟು. ಹಾಡು ಹರಿದು ಚಿಂದಿಯಾಗಿ ಕೇಳುತ್ತದೆ.

ಯುಎಸ್‌ಬಿ ಕೇಬಲನ್ನು ಲ್ಯಾಪ್‌ಟಾಪಿಗೆ ನೇರವಾಗಿ ಹಾಕಿ. ಮಧ್ಯದಲ್ಲಿ ಹಬ್ ಬೇಡ. ಎಕ್ಸ್‌ಟರ್ನಲ್ ಡಿಸ್ಕ್ ಇದ್ದರೆ ಅದು ಇನ್ನೊಂದು ಬದಿಯ ಪೋರ್ಟಿನಲ್ಲಿರಲಿ.

ಆನ್ ಮಾಡುವಾಗ ಲ್ಯಾಪ್‌ಟಾಪ್ ಮೊದಲು, ಆಮೇಲೆ ಡ್ಯಾಕ್, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಇದು ರೂಢಿಯಾಗಿಬಿಟ್ಟರೆ ಸ್ಪೀಕರಿನಿಂದ ಡಬ್ ಅನ್ನುವ ಹೊಡೆತ ಎಂದೂ ಬರುವುದಿಲ್ಲ.

ಡ್ರೈವರ್ ಬಗ್ಗೆ ಒಂದೇ ಮಾತು. ಮ್ಯಾಕ್ ಮತ್ತು ಲಿನಕ್ಸ್‌ಗೆ ಸಾಮಾನ್ಯವಾಗಿ ಬೇಕಿಲ್ಲ. ವಿಂಡೋಸ್ 10ರ 2017ರ 1703 ಆವೃತ್ತಿಯಿಂದ ಈಚೆಗೆ ಅಲ್ಲೂ ಬಹುತೇಕ ಬೇಕಿಲ್ಲ. ಡ್ಯಾಕ್ ತಯಾರಕರೇ ಡ್ರೈವರ್ ಕೊಟ್ಟಿದ್ದರೆ ಅದನ್ನು ಡ್ಯಾಕ್ ಸಿಕ್ಕಿಸುವ ಮೊದಲು ಹಾಕಬೇಕೋ ಆಮೇಲೋ ಅಂತ ಕೈಪಿಡಿಯಲ್ಲಿ ನೋಡಿ. ಅಲ್ಲಿ ಅದಲು ಬದಲಾದರೆ ಗೊಂದಲವಾಗುತ್ತದೆ.

## ಹಂತ 4: ಹಾಡಿಗಿಂತ ಮೊದಲು ಮೌನ ಕೇಳಿ

ಎಲ್ಲ ಆನ್ ಇದೆ. ಹಾಡು ಹಾಕಬೇಡಿ. ವಾಲ್ಯೂಮನ್ನು ನಿಧಾನವಾಗಿ ನೀವು ದಿನಾ ಕೇಳುವ ಮಟ್ಟಕ್ಕೆ ತಂದು ಸ್ಪೀಕರ್ ಹತ್ತಿರ ಕಿವಿ ಒಡ್ಡಿ. ತುಂಬಾ ಸಣ್ಣ ಸುಯ್ ಸದ್ದು ಇದ್ದರೆ ಅದು ಸಹಜ. ಒಂದಡಿ ದೂರದಿಂದಲೇ ಗುಂಯ್ ಅಂತ ಕೇಳುತ್ತಿದ್ದರೆ ಅಥವಾ ಮೌಸ್ ಜೊತೆ ಬದಲಾಗುವ ಚಿರಿಚಿರಿ ಇದ್ದರೆ ಇಲ್ಲೇ ನಿಲ್ಲಿ.

ಈಗ ಲ್ಯಾಪ್‌ಟಾಪಿನಿಂದ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ನಿಂತುಹೋಯಿತಾ? ಹಾಗಾದರೆ ಅದು ಅರ್ತ್‌ಗೆ ಸಂಬಂಧಿಸಿದ್ದು. ಆಂಪ್ಲಿಫೈಯರಿಗೂ ಚಾರ್ಜರಿಗೂ ಬೇರೆ ಬೇರೆ ದಾರಿಯಲ್ಲಿ ಅರ್ತ್ ಸಿಕ್ಕಿ, ನಡುವೆ ಒಂದು ಸುತ್ತು ಏರ್ಪಟ್ಟಿದೆ. ಮನೆಯ ಕರೆಂಟಿನ 50 ಅಥವಾ 60 ಹರ್ಟ್ಸ್ ಆ ಸುತ್ತಿನಲ್ಲಿ ಹರಿದು ಸ್ಪೀಕರಿನಲ್ಲಿ ಗುನುಗುತ್ತದೆ.

ನನಗೂ ಇದೇ ಆಗಿತ್ತು. ಎರಡು ವಾರ ಕೇಬಲ್ ಮೇಲೆ ಕೇಬಲ್ ಬದಲಿಸಿದೆ. ಕೊನೆಗೆ ಆಂಪ್ಲಿಫೈಯರ್ ಒಂದು ಗೋಡೆಯ ಪ್ಲಗ್‌ನಲ್ಲಿ, ಲ್ಯಾಪ್‌ಟಾಪ್ ಎದುರು ಗೋಡೆಯ ಪ್ಲಗ್‌ನಲ್ಲಿ ಇರುವುದು ಕಣ್ಣಿಗೆ ಬಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆ. ಗುಂಯ್ ಮಾಯ. ಹಾಗಾಗಿ ನೀವೂ ಮೊದಲು ಇದನ್ನೇ ಮಾಡಿ. ಹೋಗದಿದ್ದರೆ ಈ ಸಾಲಿನಲ್ಲಿ ಮುಂದುವರಿಯಿರಿ:

1. ಆಂಪ್ಲಿಫೈಯರಿನಿಂದ ಬೇರೆಲ್ಲ ತಂತಿ ಬಿಚ್ಚಿ, ಮುಖ್ಯವಾಗಿ ಟಿವಿ ಕೇಬಲ್ ಪೆಟ್ಟಿಗೆಯದ್ದು. ಎಷ್ಟೋ ಸಲ ಕಳ್ಳ ಅಲ್ಲಿರುತ್ತಾನೆ.
2. ಯುಎಸ್‌ಬಿ ಐಸೊಲೇಟರ್ ಹಾಕಿ. ಲ್ಯಾಪ್‌ಟಾಪ್ ಮತ್ತು ಡ್ಯಾಕ್ ನಡುವೆ ವಿದ್ಯುತ್ ಸಂಪರ್ಕ ಕಡಿದು ಅಂಕಿಗಳನ್ನು ಮಾತ್ರ ದಾಟಿಸುವ ಸಣ್ಣ ಪೆಟ್ಟಿಗೆ ಅದು. ಕೊಳ್ಳುವಾಗ ನಿಮ್ಮ ಡ್ಯಾಕ್‌ನ ವೇಗಕ್ಕೆ ಹೊಂದುತ್ತದಾ ನೋಡಿ. ಕಡಿಮೆ ವೇಗದ ಐಸೊಲೇಟರ್‌ನಲ್ಲಿ ಎಷ್ಟೋ ಡ್ಯಾಕ್‌ಗಳು ಏಳುವುದೇ ಇಲ್ಲ.
3. ಆಪ್ಟಿಕಲ್ ದಾರಿ ಇದ್ದರೆ ಅದನ್ನೇ ಬಳಸಿ. ಬೆಳಕಿನಲ್ಲಿ ಸಾಗುವ ಅಂಕಿಗಳ ಜೊತೆ ಗುಂಯ್ ಬರಲು ದಾರಿಯಿಲ್ಲ. 2016ಕ್ಕೆ ಮೊದಲಿನ ಹಲವು ಮ್ಯಾಕ್‌ಬುಕ್ ಪ್ರೊಗಳ ಹೆಡ್‌ಫೋನ್ ತೂತಿನಲ್ಲೇ ಆಪ್ಟಿಕಲ್ ಔಟ್‌ಪುಟ್ ಅಡಗಿದೆ. ಹಳೆಯ ಮ್ಯಾಕ್ ಇದ್ದವರು ಇದನ್ನು ಮರೆತೇ ಬಿಟ್ಟಿರುತ್ತಾರೆ.

ಎಚ್ಚರಿಕೆ: ಗುಂಯ್ ಹೋಗುತ್ತದೆ ಅಂತ ಯಾರಾದರೂ ಪ್ಲಗ್‌ನ ಅರ್ತ್ ಪಿನ್ ಮುರಿಯಲು ಅಥವಾ ಟೇಪ್ ಸುತ್ತಲು ಹೇಳಿದರೆ ಕೇಳಬೇಡಿ. ಗುಂಯ್ ಹೋಗುವುದು ನಿಜ. ಆದರೆ ಒಳಗೆ ಏನಾದರೂ ಕೆಟ್ಟ ದಿನ ಆಂಪ್ಲಿಫೈಯರಿನ ಲೋಹದ ಮೈ ಮುಟ್ಟಿದವರ ಜೀವಕ್ಕೆ ಸಂಚಕಾರ.

## ಹಂತ 5: ಪ್ಲೇಯರ್ ಮತ್ತು ಡ್ಯಾಕ್ ನಡುವಿನ ದಾರಿ ನೇರ ಮಾಡಿ

"ಏನೂ ವ್ಯತ್ಯಾಸ ಇಲ್ಲ" ಅನ್ನುವವರಲ್ಲಿ ಮುಕ್ಕಾಲುವಾಸಿ ಮಂದಿ ಎಡವಿರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ನೀವು ಪ್ಲೇ ಒತ್ತಿದಾಗ ಹಾಡು ಸೀದಾ ಡ್ಯಾಕ್‌ಗೆ ಹೋಗುವುದಿಲ್ಲ. ನಡುವೆ ಆಪರೇಟಿಂಗ್ ಸಿಸ್ಟಮ್‌ನ ಮಿಕ್ಸರ್ ಇದೆ. ಬ್ರೌಸರ್, ಅಲಾರಂ, ಹಾಡು, ಎಲ್ಲ ಸದ್ದನ್ನೂ ಒಟ್ಟು ಸೇರಿಸುವುದು ಅದರ ಕೆಲಸ. ಸೇರಿಸಬೇಕಾದರೆ ಎಲ್ಲವೂ ಒಂದೇ ಅಳತೆಯಲ್ಲಿರಬೇಕು. ಹಾಗಾಗಿ ಸಿ.ಡಿ.ಯ 44.1 ಕಿಲೋಹರ್ಟ್ಸ್ ಹಾಡನ್ನೂ ಅದು, ಉದಾಹರಣೆಗೆ, 48 ಕಿಲೋಹರ್ಟ್ಸ್‌ಗೆ ಬದಲಿಸಿ ಕಳಿಸುತ್ತದೆ. 96 ಕಿಲೋಹರ್ಟ್ಸ್‌ನ ಹಾಡು ಹಾಕಿದರೂ 48ಕ್ಕೇ ಇಳಿಸುತ್ತದೆ. ಮೇಲಾಗಿ 'ಎನ್‌ಹಾನ್ಸ್‌ಮೆಂಟ್' ಅಂತ ಬಾಸ್ ಏರಿಸುವುದು, ಸದ್ದು ಸಮ ಮಾಡುವುದು ಬೇರೆ.

ಆಧುನಿಕ ಮಿಕ್ಸರಿನ 44.1ರಿಂದ 48ರ ಬದಲಾವಣೆ ಎಲ್ಲರ ಕಿವಿಗೂ ಗೊತ್ತಾಗುವಂಥದ್ದಲ್ಲ, ನಿಜ. ನಿಜವಾಗಿ ಹಾಳು ಮಾಡುವುದು ಎನ್‌ಹಾನ್ಸ್‌ಮೆಂಟ್‌ಗಳು, ತಗ್ಗಿರುವ ಸ್ಲೈಡರ್‌ಗಳು, ನಡುವೆ ನುಗ್ಗುವ ಸದ್ದುಗಳು. ದಾರಿ ನೇರ ಮಾಡಿದರೆ ಇವೆಲ್ಲ ಒಂದೇ ಏಟಿಗೆ ಹೋಗುತ್ತವೆ. ಅದಕ್ಕೇ ಈ ಕೆಲಸ ಮಾಡಬೇಕು.

ವಿಂಡೋಸ್‌ನಲ್ಲಿ. ಫೂಬಾರ್ 2000 ಅನ್ನುವ ಪ್ಲೇಯರ್ ಹಾಕಿಕೊಳ್ಳಿ. ಉಚಿತ, ಹಗುರ, ಹಳೆಯ ಯಂತ್ರದಲ್ಲೂ ಸಲೀಸು. ಮೊದಲು ಕಂಟ್ರೋಲ್ ಪ್ಯಾನೆಲ್‌ನ ಸೌಂಡ್‌ಗೆ ಹೋಗಿ ನಿಮ್ಮ ಡ್ಯಾಕ್‌ನ ಪ್ರಾಪರ್ಟೀಸ್ ತೆರೆಯಿರಿ. 'ಅಡ್ವಾನ್ಸ್‌ಡ್' ಟ್ಯಾಬ್‌ನಲ್ಲಿ ಎಕ್ಸ್‌ಕ್ಲೂಸಿವ್ ಕಂಟ್ರೋಲ್‌ಗೆ, ಅಂದರೆ ಒಂದೇ ಪ್ರೋಗ್ರಾಮ್ ಮಿಕ್ಸರನ್ನು ಬಿಟ್ಟು ಡ್ಯಾಕನ್ನು ತನ್ನದಾಗಿಸಿಕೊಳ್ಳುವುದಕ್ಕೆ, ಅನುಮತಿ ಕೊಡುವ ಚೌಕಕ್ಕೆ ಟಿಕ್ ಇರಲಿ. ಎನ್‌ಹಾನ್ಸ್‌ಮೆಂಟ್ ಎಲ್ಲ ಆಫ್. ಆಮೇಲೆ ಫೂಬಾರ್‌ನ ಪ್ರಿಫರೆನ್ಸಸ್‌ನಲ್ಲಿ 'ಔಟ್‌ಪುಟ್' ತೆರೆದರೆ ಡ್ಯಾಕ್‌ನ ಹೆಸರು ಎರಡು ಸಲ ಕಾಣುತ್ತದೆ. 'ಎಕ್ಸ್‌ಕ್ಲೂಸಿವ್' ಅಂತ ಪಕ್ಕದಲ್ಲಿ ಬರೆದಿರುವುದನ್ನು ಆರಿಸಿ. ಡ್ಯಾಕ್ ತಯಾರಕರು ಆಸಿಯೋ ಡ್ರೈವರ್ (ಮಿಕ್ಸರನ್ನು ದಾಟಿ ಹೋಗುವ ಇನ್ನೊಂದು ದಾರಿ) ಕೊಟ್ಟಿದ್ದರೆ ಅದೂ ಆಗುತ್ತದೆ. ಎರಡರಲ್ಲಿ ಯಾವುದು ತೊಂದರೆಯಿಲ್ಲದೆ ಓಡುತ್ತದೋ ಅದನ್ನು ಇಟ್ಟುಕೊಳ್ಳಿ.

ಮ್ಯಾಕ್‌ನಲ್ಲಿ. ಯುಟಿಲಿಟೀಸ್ ಒಳಗಿನ 'ಆಡಿಯೋ ಮಿಡಿ ಸೆಟಪ್' ತೆರೆದರೆ ಡ್ಯಾಕ್‌ಗೆ ಈಗ ಯಾವ ದರ ಹೋಗುತ್ತಿದೆ ಅಂತ ಕಾಣುತ್ತದೆ. ನಿಮ್ಮ ಸಂಗ್ರಹ ಎಲ್ಲ ಸಿ.ಡಿ.ಯಿಂದಲೇ ಬಂದಿದ್ದರೆ ಅಲ್ಲಿ 44.1 ಇಟ್ಟು ಸುಮ್ನೆ ಬಿಟ್ಟುಬಿಡಿ. ಬೇರೆ ಬೇರೆ ದರದ ಹಾಡುಗಳಿದ್ದರೆ ಆಡಿರ್ವಾನಾದಂಥ, ದರವನ್ನು ತಾನೇ ಬದಲಿಸುವ ಪ್ಲೇಯರ್ ಬೇಕು.

ಲಿನಕ್ಸ್‌ನಲ್ಲಿ. ಎಂಪಿಡಿ ಅನ್ನುವ ಪ್ಲೇಯರ್ ಹಾಕಿ, ಔಟ್‌ಪುಟ್ಟನ್ನು ಲಿನಕ್ಸ್‌ನ ಮಿಕ್ಸರುಗಳಾದ ಪಲ್ಸ್‌ಆಡಿಯೋ ಅಥವಾ ಪೈಪ್‌ವೈರ್ ಮೂಲಕ ಕೊಡದೆ, ಅವುಗಳ ಕೆಳಗಿರುವ ಆಲ್ಸಾ ಮೂಲಕ ಡ್ಯಾಕ್‌ನ ಹಾರ್ಡ್‌ವೇರ್ ಹೆಸರಿಗೇ ಕೊಡಿ. 'ಡೀಫಾಲ್ಟ್' ಅಂತ ಬಿಟ್ಟರೆ ಮತ್ತೆ ಮಿಕ್ಸರ್ ನಡುವೆ ಬರುತ್ತದೆ.

ಸ್ಟ್ರೀಮಿಂಗ್ ಕೇಳುವವರು ಆ್ಯಪ್‌ನಲ್ಲಿ ಇದೇ ಸೌಲಭ್ಯ ಇದೆಯಾ ನೋಡಿ. ಟೈಡಲ್, ಕೋಬಜ್‌ಗಳ ಕಂಪ್ಯೂಟರ್ ಆ್ಯಪ್‌ನಲ್ಲಿ ಎಕ್ಸ್‌ಕ್ಲೂಸಿವ್ ಆಯ್ಕೆ ಇದೆ. ಬ್ರೌಸರಿನಲ್ಲಿ ಕೇಳಿದರೆ ಹಾಡು ಮಿಕ್ಸರ್ ಮೂಲಕವೇ ಬರುತ್ತದೆ.

### ನೇರವಾಯಿತಾ ಅಂತ ಹೇಗೆ ತಿಳಿಯುವುದು?

ಡ್ಯಾಕ್‌ನ ಮುಖದಲ್ಲಿ ದರ ತೋರಿಸುವ ದೀಪವೋ ಪರದೆಯೋ ಇದ್ದರೆ ಕೆಲಸ ಸುಲಭ. ನನ್ನದರಲ್ಲಿ ಬೆರಳಗಲದ ಪರದೆ ಇದೆ. ಸಿ.ಡಿ.ಯಿಂದ ತೆಗೆದ ಹಾಡು ಓಡುತ್ತಿದ್ದರೂ ಅದು ತಿಂಗಳುಗಟ್ಟಲೆ 48 ಅಂತಲೇ ತೋರಿಸುತ್ತಿತ್ತು, ನಾನು ಅದನ್ನು ಗಡಿಯಾರದ ಹಾಗೆ ನೋಡಿ ಬಿಟ್ಟಿದ್ದೆ. ಔಟ್‌ಪುಟ್ ಬದಲಿಸಿ ಪ್ಲೇ ಒತ್ತಿದ ಕೂಡಲೇ ಪೆಟ್ಟಿಗೆಯ ಒಳಗೆ ರಿಲೇ 'ಟಿಕ್' ಅಂದಿತು, ಪರದೆಯಲ್ಲಿ 44.1 ಬಂತು. 96ರ ಹಾಡು ಹಾಕಿದೆ. ಮತ್ತೆ ಟಿಕ್, 96. ಆ ಟಿಕ್ ಕೇಳಿದ ಮೇಲೆ ಸಂಶಯ ಉಳಿಯುವುದಿಲ್ಲ.

ಪರದೆ ಇಲ್ಲದವರು ಫೂಬಾರ್‌ನಲ್ಲಿ ಹಾಡು ಓಡುವಾಗಲೇ ಬ್ರೌಸರಿನಲ್ಲಿ ಒಂದು ವಿಡಿಯೋ ಹಾಕಿ. ಅದರ ಸದ್ದು ಡ್ಯಾಕ್‌ನಿಂದ ಬರಬಾರದು. ಎರಡೂ ಒಟ್ಟಿಗೆ ಕೇಳಿದರೆ ನೀವಿನ್ನೂ ಮಿಕ್ಸರಿನಲ್ಲೇ ಇದ್ದೀರಿ.

## ಹಂತ 6: ವಾಲ್ಯೂಮ್ ಎಲ್ಲಿ ತಿರುಗಿಸಬೇಕು

ಪ್ಲೇಯರಿನ ವಾಲ್ಯೂಮ್ 100. ಸಿಸ್ಟಮ್ ವಾಲ್ಯೂಮ್ 100. ತಗ್ಗಿಸುವುದು, ಏರಿಸುವುದು ಎಲ್ಲ ಆಂಪ್ಲಿಫೈಯರಿನಲ್ಲಿ.

ಸಾಫ್ಟ್‌ವೇರಿನಲ್ಲಿ ಪ್ರತಿ 6 ಡೆಸಿಬೆಲ್ ತಗ್ಗಿಸಿದಾಗ ಸುಮಾರು 1 ಬಿಟ್ ವಿವರ ಕೆಳಗೆ ಜಾರುತ್ತದೆ. ಡ್ಯಾಕ್‌ಗೆ 24 ಬಿಟ್ ಹೋಗುತ್ತಿದ್ದರೆ 16 ಬಿಟ್ ಹಾಡನ್ನು ಸ್ವಲ್ಪ ತಗ್ಗಿಸಿದರೂ ನಷ್ಟವಿಲ್ಲ, ಕೆಳಗೆ 8 ಬಿಟ್ ಜಾಗ ಖಾಲಿ ಇರುತ್ತದೆ. 16 ಬಿಟ್ಟೇ ಹೋಗುತ್ತಿದ್ದರೆ ನಷ್ಟ ಶುರುವಾಗುತ್ತದೆ. ಈ ಲೆಕ್ಕವನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದಕ್ಕಿಂತ 100ರಲ್ಲಿ ಬಿಡುವುದು ಸುಲಭ, ಅಲ್ವಾ?

ಒಂದು ಅಪಾಯ ಇದೆ. ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ಗುಂಡಿಯೇ ಇಲ್ಲದಿದ್ದರೆ, ಅಂದರೆ ಅದು ಬರೀ ಪವರ್ ಆಂಪ್ಲಿಫೈಯರ್ ಆಗಿದ್ದರೆ, ಈ 100ರ ನಿಯಮ ನಿಮಗಲ್ಲ. ಪೂರ್ತಿ ಶಕ್ತಿ ಸ್ಪೀಕರಿಗೆ ನುಗ್ಗುತ್ತದೆ. ಅಂಥವರಿಗೆ ವಾಲ್ಯೂಮ್ ಗುಂಡಿ ಇರುವ ಡ್ಯಾಕ್ ಬೇಕು. ಅದನ್ನು ಸೊನ್ನೆಯಿಂದ ಶುರು ಮಾಡಿ. ಸಕ್ರಿಯ ಸ್ಪೀಕರ್, ಅಂದರೆ ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರ್, ಇರುವವರಿಗೂ ಇದೇ ಮಾತು.

## ಹಂತ 7: ಸಿ.ಡಿ.ಗಳನ್ನು ಡಿಸ್ಕ್‌ಗೆ ತರುವುದು

ಇದು ವಾರಗಟ್ಟಲೆ ಹಿಡಿಯುವ ಕೆಲಸ. ಎರಡನೇ ಸಲ ಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅದಕ್ಕೆ ಮೊದಲ ಸಲವೇ ಸರಿಯಾಗಿ ಮಾಡಿ.

ಫ್ಲ್ಯಾಕ್ ಮಾದರಿಯಲ್ಲಿ ಇಡಿ. ಜಾಗ ಕಡಿಮೆ ಹಿಡಿಯುತ್ತದೆ, ಒಂದು ಬಿಟ್ಟೂ ಕಳೆಯುವುದಿಲ್ಲ. ಒಂದು ಗಂಟೆಯ ಸಿ.ಡಿ. ಹಾಗೇ ಇಟ್ಟರೆ ಸುಮಾರು 635 ಎಂಬಿ. ಫ್ಲ್ಯಾಕ್‌ನಲ್ಲಿ ಹಾಡಿನ ಸ್ವಭಾವದ ಮೇಲೆ ಅದು ಅರ್ಧದ ಆಸುಪಾಸಿಗೆ ಇಳಿಯುತ್ತದೆ. 500 ಜಿಬಿ ಡಿಸ್ಕ್‌ನಲ್ಲಿ ಸಾವಿರಕ್ಕೂ ಜಾಸ್ತಿ ಸಿ.ಡಿ. ಹಿಡಿಯುತ್ತವೆ. ಫ್ಲ್ಯಾಕ್‌ನ 0ರಿಂದ 8ರ ಮಟ್ಟಗಳು ಗುಣಮಟ್ಟದ ಮಟ್ಟಗಳಲ್ಲ, ಎಷ್ಟು ಬಿಗಿಯಾಗಿ ಮಡಚಬೇಕು ಅನ್ನುವುದಷ್ಟೇ. ತಾನಾಗಿ ಬರುವ 5 ಇರಲಿ.

ವಿಂಡೋಸ್‌ಗೆ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ. ಎರಡರಲ್ಲೂ 'ಆ್ಯಕ್ಯುರೇಟ್‌ರಿಪ್' ಆನ್ ಮಾಡಿ. ಅದು ನಿಮ್ಮ ಪ್ರತಿಯ ಲೆಕ್ಕವನ್ನು, ಅದೇ ಸಿ.ಡಿ. ಓದಿಸಿದ ಬೇರೆಯವರ ಲೆಕ್ಕದ ಜೊತೆ ಹೋಲಿಸುತ್ತದೆ. ತಾಳೆಯಾದರೆ ನಿಮ್ಮ ಪ್ರತಿ ಸರಿ ಇದೆ ಅಂತಲೇ ಅರ್ಥ. ಅಪರೂಪದ ಸಿ.ಡಿ. ಆಗಿದ್ದರೆ ಆ ಪಟ್ಟಿಯಲ್ಲಿ ಇರದೇ ಹೋಗಬಹುದು. ಆಗ 'ಟೆಸ್ಟ್ ಆ್ಯಂಡ್ ಕಾಪಿ' ಮೂಲಕ ಎರಡು ಸಲ ಓದಿಸಿ, ಎರಡರ ಲೆಕ್ಕ ಒಂದೇ ಇದೆಯಾ ನೋಡಿ.

ಡ್ರೈವ್ ಒಂದೇ ಕಡೆ ಮತ್ತೆ ಮತ್ತೆ ಓದಲು ಹೆಣಗಾಡುತ್ತಿದ್ದರೆ ಸಿ.ಡಿ. ತೆಗೆದು ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಒರೆಸಬೇಡಿ. ಓದುವ ದಾರಿಯ ಉದ್ದಕ್ಕೂ ಗೀರು ಬಿದ್ದರೆ ಸರಿಪಡಿಸುವುದು ಕಷ್ಟ.

ಈಗಾಗಲೇ ಇರುವ ಎಂಪಿ3ಗಳನ್ನು ಫ್ಲ್ಯಾಕ್‌ಗೆ ಬದಲಿಸುವವರನ್ನು ನೋಡಿದ್ದೇನೆ. ಎಂಪಿ3 ಮಾಡುವಾಗ ಹೋದ ವಿವರ ಹೋಯಿತು, ವಾಪಸ್ ಬರುವುದಿಲ್ಲ. ಡಿಸ್ಕ್ ತುಂಬುತ್ತದೆ ಅಷ್ಟೇ. ಅವನ್ನು ಹಾಗೇ ಇಡಿ, ಪರವಾಗಿಲ್ಲ.

## ಹಂತ 8: ಹೆಸರುಗಳನ್ನು ಒಪ್ಪವಾಗಿಡಿ

ಫೋಲ್ಡರ್ ಹೀಗಿರಲಿ: ಕಲಾವಿದರ ಹೆಸರು, ಅದರೊಳಗೆ ವರ್ಷ ಮತ್ತು ಆಲ್ಬಂ, ಅದರೊಳಗೆ ಅಂಕಿ ಹಚ್ಚಿದ ಹಾಡುಗಳು. ಪ್ಲೇಯರ್ ನೋಡುವುದು ಮಾತ್ರ ಕಡತದೊಳಗಿನ ಟ್ಯಾಗನ್ನು, ಅಂದರೆ ಹಾಡು, ಆಲ್ಬಂ, ಕಲಾವಿದರ ಹೆಸರು ಬರೆದಿಟ್ಟ ಚೀಟಿಯನ್ನು. ಎಂಪಿ3ಟ್ಯಾಗ್ ಅನ್ನುವ ಪ್ರೋಗ್ರಾಮಿನಲ್ಲಿ ಇಡೀ ಆಲ್ಬಮ್ಮಿನ ಟ್ಯಾಗ್ ಒಟ್ಟಿಗೆ ತಿದ್ದಬಹುದು. ಹೆಸರು ಹಾಗಿದ್ದರೂ ಅದು ಫ್ಲ್ಯಾಕ್‌ಗೂ ಆಗುತ್ತದೆ. ಕನ್ನಡ ಲಿಪಿಯಲ್ಲೇ ಬರೆಯಬಹುದು. ಫ್ಲ್ಯಾಕ್ ಟ್ಯಾಗ್‌ಗಳು ಯೂನಿಕೋಡ್‌ನಲ್ಲೇ ಇರುತ್ತವೆ.

ಹೆಚ್ಚು ಜನ ಮಾಡುವ ತಪ್ಪು 'ಆಲ್ಬಂ ಆರ್ಟಿಸ್ಟ್' ಖಾಲಿ ಬಿಡುವುದು. ಹತ್ತು ಗಾಯಕರಿರುವ ಒಂದು ಸಂಕಲನ ಆಗ ಹತ್ತು ಚೂರಾಗಿ ಹತ್ತು ಕಡೆ ಕಾಣಿಸುತ್ತದೆ. ಇನ್ನೊಂದು, ಒಬ್ಬರದೇ ಹೆಸರನ್ನು ಒಂದು ಕಡೆ ಇನಿಷಿಯಲ್ ಜೊತೆ, ಇನ್ನೊಂದು ಕಡೆ ಇಲ್ಲದೆ ಬರೆಯುವುದು. ಪ್ಲೇಯರಿಗೆ ಅವರಿಬ್ಬರೂ ಬೇರೆ ಬೇರೆ. ಹತ್ತು ಸಿ.ಡಿ. ಆದ ಮೇಲೆ ಒಮ್ಮೆ ನಿಂತು ಪಟ್ಟಿ ನೋಡಿ. ಐನೂರು ಆದ ಮೇಲೆ ತಿದ್ದುವುದು ಯಾರಿಗೂ ಬೇಡ.

## ಹಂತ 9: ಕೂತ ಜಾಗದಿಂದ ನಡೆಸುವುದು

ವಾಲ್ಯೂಮಿಯೋ ಹಾಕಿದ್ದರೆ ಫೋನಿನ ಬ್ರೌಸರ್ ಸಾಕು. ಎಂಪಿಡಿಗೆ ಫೋನ್ ಆ್ಯಪ್‌ಗಳು ಬೇಕಾದಷ್ಟಿವೆ. ವಿಂಡೋಸ್‌ನಲ್ಲಿ ಸರಳ ದಾರಿ ಒಂದು ಪುಟ್ಟ ವೈರ್‌ಲೆಸ್ ಕೀಬೋರ್ಡ್. ರಿಮೋಟ್ ಡೆಸ್ಕ್‌ಟಾಪ್ ಬಳಸುವವರು ಒಂದನ್ನು ನೋಡಿಕೊಳ್ಳಿ: ಅದು ಸದ್ದನ್ನೂ ನಿಮ್ಮ ಫೋನಿಗೆ ಎಳೆದುಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ ಸದ್ದು ದೂರದ ಕಂಪ್ಯೂಟರಿನಲ್ಲೇ ಬರಲಿ ಅಂತ ಹಾಕಬೇಕು.

## ಸದ್ದು ಕೆಟ್ಟರೆ ಎಲ್ಲಿ ನೋಡಬೇಕು

ಆಗಾಗ ಪಟ್, ಚಟ್. ಅಂಕಿಗಳು ಡ್ಯಾಕ್‌ಗೆ ಸಮಯಕ್ಕೆ ತಲುಪುತ್ತಿಲ್ಲ. ಬೇರೆ ಯುಎಸ್‌ಬಿ ಪೋರ್ಟ್ ನೋಡಿ. ಪ್ಲೇಯರಿನ ಬಫರ್ (ಹಾಡನ್ನು ಮುಂಗಡವಾಗಿ ತುಂಬಿಟ್ಟುಕೊಳ್ಳುವ ಜಾಗ) ಏರಿಸಿ. ಆಮೇಲೆ ವೈ-ಫೈ ಆಫ್ ಮಾಡಿ ಕೇಳಿ. ವೈ-ಫೈ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುವುದು ತುಂಬಾ ಸಾಮಾನ್ಯ. ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಮ್ ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರ್ ತಡೆಯುತ್ತಿದೆ ಅಂತ ಹೆಸರು ಸಮೇತ ತೋರಿಸುತ್ತದೆ.

ಒಂದೇ ಹಾಡಿನಲ್ಲಿ, ಒಂದೇ ಜಾಗದಲ್ಲಿ ಪಟ್. ಇದು ಕಡತದ ದೋಷ. ಆ ಸಿ.ಡಿ.ಯನ್ನು ಮತ್ತೆ ಓದಿಸಿ.

ಒಂದೇ ಕಡೆ ಸ್ಪೀಕರ್ ಸುಮ್ಮನಿದೆ. ಡ್ಯಾಕ್ ಹಿಂದೆ ಎಡ-ಬಲ ಆರ್‌ಸಿಎ ತಂತಿ ಅದಲು ಬದಲು ಮಾಡಿ, ಬದಲಿಸುವಾಗ ಆಂಪ್ಲಿಫೈಯರ್ ಆಫ್ ಇರಲಿ. ಮೌನ ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಡ್ಯಾಕ್‌ನದ್ದು. ಅಲ್ಲೇ ಉಳಿದರೆ ತಂತಿ, ಆಂಪ್ಲಿಫೈಯರ್ ಅಥವಾ ಸ್ಪೀಕರ್.

ಬಾಸ್ ತೆಳುವಾಗಿದೆ, ಹಾಡುವವರು ನಡುವೆ ನಿಲ್ಲುತ್ತಿಲ್ಲ. ಇದಕ್ಕೂ ಲ್ಯಾಪ್‌ಟಾಪಿಗೂ ಸಂಬಂಧ ಇಲ್ಲ. ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿ ತಿರುವುಮುರುವಾಗಿದೆ.

ಡ್ಯಾಕ್ ಪಟ್ಟಿಯಿಂದ ಮಾಯವಾಗುತ್ತದೆ. ಸ್ಲೀಪ್‌ನಿಂದ ಎದ್ದ ಮೇಲೆ ಹೀಗಾದರೆ ಹಂತ 2ರ ಯುಎಸ್‌ಬಿ ಸೆಟ್ಟಿಂಗ್ ನೋಡಿ. ಹಾಡು ಓಡುವಾಗಲೇ ಹೀಗಾದರೆ ಕೇಬಲ್ ಬದಲಿಸಿ.

## ಹಂತ 10: ಪ್ರತಿ ತೆಗೆದಿಡಿ

ಎಲ್ಲ ಸರಿಯಾಗಿ ಓಡುತ್ತಿದೆ ಅನ್ನುವ ದಿನವೇ ಇದನ್ನು ಮಾಡಿ. ಇಡೀ ಹಾಡಿನ ಫೋಲ್ಡರನ್ನು ಎರಡನೇ ಡಿಸ್ಕ್‌ಗೆ ನಕಲಿಸಿ. ಹತ್ತಾರು ಹಾಡನ್ನು ಆ ಎರಡನೇ ಡಿಸ್ಕ್‌ನಿಂದಲೇ ಓಡಿಸಿ ನೋಡಿ. ನಕಲಾಯಿತು ಅಂತ ಪರದೆ ಹೇಳಿದ ಮಾತ್ರಕ್ಕೆ ನಂಬಬೇಡಿ. ಆಮೇಲೆ ಆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ ಬೇರೆ ಕೋಣೆಯ ಕಪಾಟಿನಲ್ಲಿಡಿ. ಮೇಲೆ ಒಂದು ಚೀಟಿ ಅಂಟಿಸಿ ದಿನಾಂಕ ಬರೆಯಿರಿ. ಹೊಸದಾಗಿ ಹತ್ತು ಆಲ್ಬಂ ಸೇರಿದಾಗೆಲ್ಲ ಅದನ್ನು ಹೊರತೆಗೆದು, ಸೇರಿಸಿ, ಚೀಟಿಯ ದಿನಾಂಕ ಬದಲಿಸಿ.